ನಾಲ್ಕು ತಂತಿಯೋ, ಐದೋ, ಕೀಬೋರ್ಡಿನ ಎಡಗೈಯೋ?

ಹೋದ ವರ್ಷದ ಗಣೇಶನ ಹಬ್ಬ. ತುಮಕೂರಿನ ಬಟವಾಡಿ ಕಡೆಯ ಒಂದು ಪೆಂಡಾಲಿನಲ್ಲಿ ನಮ್ಮ ಆರ್ಕೆಸ್ಟ್ರಾ. ಎರಡನೇ ಹಾಡಿಗೆ ಡ್ರಮ್ಮರ್ ಕಡ್ಡಿ ಎತ್ತಿದ್ದಾನೆ. ಅಷ್ಟರಲ್ಲಿ ಗಾಯಕ ನಮ್ಮ ಕಡೆ ತಿರುಗಿ, "ಗುರೂ, ಗಂಟಲು ಕೂತ್ಬಿಟ್ಟಿದೆ, ಎರಡು ಮನೆಗೆ ಹಾಡ್ತೀನಿ" ಅಂದ. ಮನೆ ಅಂದರೆ ಹಾರ್ಮೋನಿಯಂ ಮನೆ, ಹಾಡಿನ ಶ್ರುತಿಯ ಲೆಕ್ಕ. ತಿಂಗಳಿಡೀ ಅಭ್ಯಾಸ ಮಾಡಿದ್ದು ಮೂರು ಮನೆಗೆ. ಕೀಬೋರ್ಡಿನವನು ಶ್ರುತಿ ಏರಿಳಿಸುವ ಟ್ರಾನ್ಸ್‌ಪೋಸ್ ಗುಂಡಿಯನ್ನು ಎರಡು ಸಲ ಒತ್ತಿ ಆರಾಮಾಗಿ ನಿಂತ. ಗಿಟಾರಿನವನಿಗೂ ಖುಷಿ, ಡಿ ಕಾರ್ಡು ಸುಲಭ. ನಾನು ಮಾತ್ರ ಹಾಡಿನ ತಳದ ಸ್ವರ ನುಡಿಸುವ ಬೇಸ್ ಗಿಟಾರ್ ಹಿಡಿದು ಬೆಪ್ಪಾದೆ. ನುಡಿಸಬೇಕಾದ ಸ್ವರ ನನ್ನ ವಾದ್ಯದಲ್ಲೇ ಇರಲಿಲ್ಲ.

ಶ್ರುತಿಪೆಟ್ಟಿಗೆ ನೋಡಿದವರಿಗೆ ಇದು ಬೇಗ ಅರ್ಥವಾಗುತ್ತದೆ. ಒಂದು ಮನೆ ಅಂದರೆ ಸಿ, ಎರಡು ಮನೆ ಡಿ, ಮೂರು ಮನೆ ಇ. ಬೇಸ್ ಗಿಟಾರಿನ ನಾಲ್ಕು ತಂತಿಗಳು ಇ, ಎ, ಡಿ, ಜಿ. ಎಲ್ಲಕ್ಕಿಂತ ದಪ್ಪ ತಂತಿಯನ್ನು ಸುಮ್ನೆ ಮೀಟಿದರೆ ಬರುವುದು ಇ, ಅಂದರೆ ಮೂರು ಮನೆಯ ಸ. ಅದರ ಕೆಳಗೆ ಏನೂ ಇಲ್ಲ. 1951ರಲ್ಲಿ ಅಮೆರಿಕದ ಗಿಟಾರ್ ತಯಾರಕ ಲಿಯೊ ಫೆಂಡರ್ ತನ್ನ ಪ್ರಿಸಿಷನ್ ಬೇಸನ್ನು ಮಾರುಕಟ್ಟೆಗೆ ತಂದಾಗ, ನಿಲ್ಲಿಸಿಕೊಂಡು ನುಡಿಸುವ ದೊಡ್ಡ ಡಬಲ್ ಬೇಸಿನ ಶ್ರುತಿಯನ್ನೇ ಇದಕ್ಕೂ ಇಟ್ಟ. ಆದರೆ ನಮ್ಮ ಕಡೆ ಗಂಡಸರು ಆರಾಮಾಗಿ ಹಾಡುವುದು ಒಂದರಿಂದ ಎರಡೂವರೆ ಮನೆಯಲ್ಲಿ. ಹಾಡಿನ ಸ ಸರಿಯಾಗಿ ನಮ್ಮ ವಾದ್ಯದ ಹೊಸಿಲ ಕೆಳಗೆ ಬಿದ್ದಿರುತ್ತದೆ. ಹೆಂಗಸರ ಐದೂವರೆ ಮನೆಗೆ ಈ ತಲೆನೋವೇ ಇಲ್ಲ, ಅದು ದಪ್ಪ ತಂತಿಯ ನಾಲ್ಕನೇ ಫ್ರೆಟ್ಟಿನಲ್ಲಿ, ಅಂದರೆ ಕುತ್ತಿಗೆಯ ಮೇಲಿನ ನಾಲ್ಕನೇ ಅಡ್ಡಪಟ್ಟಿಯಲ್ಲಿ, ಸಿಕ್ಕುತ್ತದೆ.

ಆ ರಾತ್ರಿಯ ನಂತರ ಒಂದು ವರ್ಷದಲ್ಲಿ ನಾಲ್ಕು ದಾರಿ ನೋಡಿದೆ. ನಾನೇನೂ ವೃತ್ತಿಯವನಲ್ಲ. ವಸಂತನರಸಾಪುರದ ಒಂದು ಕಾರ್ಖಾನೆಯಲ್ಲಿ ಶಿಫ್ಟ್ ಕೆಲಸ, ಭಾನುವಾರ ಎಸ್.ಎಸ್. ಪುರಂನ ಒಂದು ಮಹಡಿ ರೂಮಿನಲ್ಲಿ ಅಭ್ಯಾಸ, ವರ್ಷಕ್ಕೆ ಹತ್ತು ಹನ್ನೆರಡು ಕಾರ್ಯಕ್ರಮ. ಇಂಥವನ ಲೆಕ್ಕ ಇದು ಅಂತ ಮೊದಲೇ ಹೇಳಿಬಿಡುತ್ತೇನೆ.

ಮೊದಲನೇ ದಾರಿ, ಏನೂ ಮಾಡದಿರುವುದು. ಕೆಳಗಿನ ಡಿ ಇಲ್ಲ ಅಲ್ವಾ, ಮೇಲಿನ ಡಿ ನುಡಿಸು. ಎ ತಂತಿಯ ಐದನೇ ಫ್ರೆಟ್. ಆ ರಾತ್ರಿ ಮಾಡಿದ್ದೂ ಇದನ್ನೇ. ಖರ್ಚಿಲ್ಲ, ಕಲಿಯುವುದೂ ಹೆಚ್ಚಿಲ್ಲ. ಕುಣಿಯುವ ಹಾಡುಗಳಿಗೆ ಇದು ಸಾಕು, ಕೆಲವಕ್ಕೆ ಇದೇ ಚೆನ್ನ, ಸ್ವರ ಸ್ಪಷ್ಟವಾಗಿ ಕೇಳುತ್ತದೆ. ಆದರೆ ಚರಣ ಮುಗಿಸಿ ಪಲ್ಲವಿಗೆ ಇಳಿಯುವ ಜಾಗ ಇದೆಯಲ್ಲ, ಅಲ್ಲಿ ಮೋಸ. ಬೇಸ್ ಜಿ, ಎಫ್ ಶಾರ್ಪ್, ಇ ಅಂತ ಮೆಟ್ಟಿಲಿಳಿದು ಬಂದು ಕೊನೆಯ ಮೆಟ್ಟಿಲಿಗೆ ಮಹಡಿಗೆ ಹಾರಬೇಕು. ಕೂತು ಕೇಳುವವರಿಗೆ ಗೊತ್ತಾಗಲಿಲ್ಲ. ಡ್ರಮ್ಮರಿಗೆ ಗೊತ್ತಾಯಿತು. "ಹಾಡು ಕೂರಲೇ ಇಲ್ಲ ಮಗಾ" ಅಂದ.

ಎರಡನೆಯದು ಇ ತಂತಿಯನ್ನೇ ಡಿಗೆ ಇಳಿಸುವುದು. ಡ್ರಾಪ್ ಡಿ ಅಂತಾರೆ. ಕೀಲಿ ತಿರುಗಿಸಿದರೆ ಆಯಿತು ಅಂದುಕೊಂಡಿದ್ದೆ. ಇಳಿಯಿತು, ಜೊತೆಗೆ ತಂತಿ ಒಣಗಲು ಹಾಕಿದ ಪಂಚೆಯ ಹಗ್ಗದ ಹಾಗೆ ಜೋಲಾಡತೊಡಗಿತು. ಫ್ರೆಟ್ಟಿಗೆ ತಾಗಿ ಕರಕರ ಸದ್ದು. ಇದಕ್ಕೆ ಲೆಕ್ಕ ಇದೆ. ಒಂದೇ ತಂತಿಯಲ್ಲಿ ಬಿಗಿ ಅನ್ನುವುದು ಕಂಪನದ ವರ್ಗಕ್ಕೆ ತಕ್ಕಂತೆ ಏರಿಳಿಯುತ್ತದೆ. ಇ ಅಂದರೆ ಸೆಕೆಂಡಿಗೆ 41 ಕಂಪನ, ಡಿ ಅಂದರೆ 37ಕ್ಕೆ ಸ್ವಲ್ಪ ಕಡಿಮೆ. ಶ್ರುತಿ ಒಂದೇ ಮನೆ ಇಳಿದರೂ ಬಿಗಿ ಐದರಲ್ಲೊಂದು ಪಾಲು ಹೋಗುತ್ತದೆ. ಸಾಮಾನ್ಯ ಸೆಟ್ಟಿನಲ್ಲಿ ದಪ್ಪ ತಂತಿ 105 ಗೇಜಿನದು, ಗೇಜ್ ಅಂದರೆ ತಂತಿಯ ದಪ್ಪದ ಅಳತೆ. ಆ ಒಂದನ್ನು ತೆಗೆದು 115 ಹಾಕಿದೆ. ಕಳೆದ ಬಿಗಿ ಹೆಚ್ಚುಕಡಿಮೆ ವಾಪಸ್ ಬಂತು. ತಲೆಯ ಕಡೆ ತಂತಿ ಕೂರುವ ಕಚ್ಚಿನ ಪಟ್ಟಿಯನ್ನು, ನಟ್ ಅಂತಾರಲ್ಲ ಅದನ್ನು, ಕೂದಲೆಳೆಯಷ್ಟು ಉಜ್ಜಬೇಕಾಯಿತು. ನಾನು ಉಜ್ಜಲಿಲ್ಲ, ಗೊತ್ತಿರುವವರ ಕೈಗೆ ಕೊಟ್ಟೆ. ಜಾಸ್ತಿ ಉಜ್ಜಿದರೆ ಆ ತಂತಿ ಜೀವಮಾನವಿಡೀ ಕರಕರ ಅನ್ನುತ್ತದೆ.

ಈ ಶ್ರುತಿಯಲ್ಲಿ ಒಂದು ಸುಖ ಇದೆ. ಡಿ ಮತ್ತು ಎ ತಂತಿ ಪಕ್ಕಪಕ್ಕ ಸ ಮತ್ತು ಪ ಆಗುತ್ತವೆ. ಯಾವ ಫ್ರೆಟ್ಟಿನಲ್ಲಿ ಬೆರಳು ಅಡ್ಡ ಮಲಗಿಸಿದರೂ ಸ-ಪ ಸಿದ್ಧ. ಜಾನಪದದ ಧಾಟಿಯ ಹಾಡುಗಳಿಗೆ ಬೆರಳು ಎತ್ತುವ ಕೆಲಸವೇ ಇಲ್ಲ.

ಕಷ್ಟವೂ ಅಲ್ಲೇ ಇದೆ. ಆ ಒಂದು ತಂತಿಯ ಎಲ್ಲ ಸ್ವರಗಳೂ ಎರಡು ಫ್ರೆಟ್ ಮುಂದೆ ಹೋಗಿವೆ. ಜಿ ಮೂರನೇ ಫ್ರೆಟ್ಟಿನಲ್ಲಿ ಇರುತ್ತಿದ್ದದ್ದು ಈಗ ಐದರಲ್ಲಿ. ಗುಬ್ಬಿಯಲ್ಲಿ ಒಂದು ಆರತಕ್ಷತೆ. ವರ್ಷಗಳ ಅಭ್ಯಾಸದ ಕೈ ನೇರ ಮೂರಕ್ಕೆ ಹೋಯಿತು. ಜಿ ಬರಬೇಕಾದ ಕಡೆ ಗಟ್ಟಿಯಾಗಿ ಎಫ್ ಬಂತು. ಗಾಯಕಿ ನನ್ನನ್ನು ನೋಡಿದ ನೋಟ ಇನ್ನೂ ಕಣ್ಣಿಗೆ ಕಟ್ಟಿದಂತಿದೆ. ವಾದ್ಯದ ಮೇಲಂಚಿಗೆ "ಜಿ 5" ಅಂತ ಬಿಳಿ ಪ್ಲಾಸ್ಟರ್ ಅಂಟಿಸಿದ್ದೇನೆ. ನಾಚಿಕೆ ಏನಿಲ್ಲ.

ನಾಲ್ಕೂ ತಂತಿಯನ್ನು ಒಂದೊಂದು ಮನೆ ಇಳಿಸಿಯೂ ನೋಡಿದೆ. ಬೆರಳಿನ ಲೆಕ್ಕ ತಪ್ಪುವುದಿಲ್ಲ, ಆದರೆ ಪೂರ್ತಿ ಸೆಟ್ ದಪ್ಪದ್ದು ಬೇಕು, ನನಗೆ ಆ ಸದ್ದು ಒದ್ದೆ ಗೋಣಿಚೀಲ ಬಡಿದಂತೆ ಅನ್ನಿಸಿತು. ಒಂದು ವಾರಕ್ಕೆ ಬಿಟ್ಟೆ.

ಮೂರನೆಯದು ಐದು ತಂತಿ. ಬೆಂಗಳೂರಿನಲ್ಲಿರುವ ಗೆಳೆಯನ ಹತ್ತಿರ ಒಂದು ಸುಮ್ನೆ ಬಿದ್ದಿತ್ತು. ಆರು ತಿಂಗಳಿಗೆ ಕೇಳಿ ತಂದೆ. ಎಪ್ಪತ್ತು ಕಿಲೋಮೀಟರ್ ರೈಲಿನಲ್ಲಿ ನಿಂತುಕೊಂಡೇ ಬಂದೆ, ಭುಜ ಇಳಿದುಹೋಯಿತು. ನನ್ನ ನಾಲ್ಕು ತಂತಿ ನೋಡಿ "ಎರಡು ತಂತಿ ಕಿತ್ತೋಗಿದ್ಯೇನಪ್ಪಾ" ಅಂತ ಕೇಳುತ್ತಿದ್ದ ಸೋದರಮಾವ ಇದನ್ನು ನೋಡಿ, "ಪರವಾಗಿಲ್ಲ, ಒಂದು ಹಾಕಿಸ್ಕೊಂಡಿದ್ದೀಯ" ಅಂದರು.

ಕೆಳಗೆ ಒಂದು ಬಿ ತಂತಿ ಜಾಸ್ತಿ, ಸೆಕೆಂಡಿಗೆ 31 ಕಂಪನ. ಅಮೆರಿಕದ ಬೇಸ್ ವಾದಕ ಜಿಮ್ಮಿ ಜಾನ್ಸನ್ ಎಪ್ಪತ್ತರ ದಶಕದಲ್ಲೇ ಇಂಥದ್ದನ್ನು ಹಿಡಿದಿದ್ದರು. ಎರಡು ಮನೆ, ಒಂದೂವರೆ, ಒಂದು, ಎಲ್ಲವೂ ಈಗ ಕೈಗೆ ಸಿಕ್ಕವು. ಆದರೆ ನನ್ನನ್ನು ಗೆದ್ದದ್ದು ಆ ಕೆಳಗಿನ ಸ್ವರಗಳಲ್ಲ. ಇದನ್ನು ನಾನು ನಿರೀಕ್ಷಿಸಿರಲಿಲ್ಲ. ಐದನೇ ಫ್ರೆಟ್ಟಿನಲ್ಲಿ ಕೈ ಇಟ್ಟರೆ ಇ ಅಲ್ಲೇ, ಎ ಅಲ್ಲೇ, ಡಿ ಅಲ್ಲೇ. ಖಾಲಿ ತಂತಿಯ ಹಂಗೇ ಬೇಕಾಗಿಲ್ಲ. ಗಾಯಕ "ಅರ್ಧ ಮನೆ ಇಳಿಸು" ಅಂದರೆ ಇಡೀ ಕೈಯನ್ನು ಒಂದು ಫ್ರೆಟ್ ಹಿಂದೆ ಸರಿಸಿದರೆ ಮುಗಿಯಿತು. ಬೆರಳಿನ ಆಕಾರ ಅದೇ. ಕೀಬೋರ್ಡಿನವನ ಟ್ರಾನ್ಸ್‌ಪೋಸ್ ಗುಂಡಿ ನನ್ನ ಕೈಗೂ ಬಂದಂತಾಯಿತು.

ಹಾಗಾದರೆ ಕೊಳ್ಳಲಿಲ್ಲ ಯಾಕೆ? ಮೊದಲ ಜಗಳ ಬಲಗೈಯದ್ದು. ತಂತಿಗಳ ನಡುವಿನ ಜಾಗ ಕಡಿಮೆ, ಮೀಟುವ ಬೆರಳು ಪಕ್ಕದ್ದಕ್ಕೆ ತಾಗುತ್ತದೆ. ಬಿ ತಂತಿಯನ್ನು ನುಡಿಸದಿದ್ದರೂ ಅದು ಡ್ರಮ್ಮಿನ ಸದ್ದಿಗೇ ಗುಂಯ್ ಅನ್ನುತ್ತಾ ಇರುತ್ತದೆ, ಹೆಬ್ಬೆರಳನ್ನು ಅದರ ಮೇಲೆ ಮಲಗಿಸಿಯೇ ಇರಬೇಕು. ಎರಡು ತಿಂಗಳಿಗೆ ಅದು ಒಗ್ಗಿತು. ಆ ವಾದ್ಯದ ಒಳಗೆ 9 ವೋಲ್ಟಿನ ಬ್ಯಾಟರಿಯ ಸರ್ಕ್ಯೂಟ್ ಇತ್ತು. ಕೇಬಲ್ ಚುಚ್ಚಿದ್ದರೆ ನುಡಿಸದಿದ್ದರೂ ಬ್ಯಾಟರಿ ಖರ್ಚಾಗುತ್ತದೆ ಅನ್ನುವುದು ನನಗೆ ಗೊತ್ತಿರಲಿಲ್ಲ. ರಾತ್ರಿಯಿಡೀ ಚುಚ್ಚಿಟ್ಟು ಮಾರನೇ ದಿನ ಕಾರ್ಯಕ್ರಮಕ್ಕೆ ಹೋದೆ. ಮೂರನೇ ಹಾಡಿಗೆ ಸದ್ದು ಒಡೆದು ಸತ್ತೇಹೋಯಿತು.

ದೊಡ್ಡ ಕಾರಣ ಮಾತ್ರ ಸ್ಪೀಕರು. ನಮಗೆ ಸಿಕ್ಕುವ ಸೌಂಡ್ ಸಿಸ್ಟಮ್ ಹೇಗಿರುತ್ತದೆ? ಶಾಮಿಯಾನದವರೇ ತರುವ ಎರಡು ಪೆಟ್ಟಿಗೆ, ಒಳಗೆ 12 ಅಥವಾ 15 ಇಂಚಿನ ಸ್ಪೀಕರ್. ಅಂಥ 12 ಇಂಚಿನ ಪೆಟ್ಟಿಗೆ ಸಾಮಾನ್ಯವಾಗಿ 50, 60 ಕಂಪನದ ಕೆಳಗೆ ಕೈಚೆಲ್ಲುತ್ತದೆ. ನನ್ನ 31ರ ಬಿ ಅಲ್ಲಿ ಹುಟ್ಟುವುದೇ ಇಲ್ಲ. ಅದರ ದುಪ್ಪಟ್ಟು, ಮೂರು ಪಟ್ಟಿನ ಕಂಪನಗಳು ಮಾತ್ರ ಬರುತ್ತವೆ, ಕಿವಿ ತಾನೇ ಕೆಳಗಿನದ್ದನ್ನು ಊಹಿಸಿಕೊಳ್ಳುತ್ತದೆ. ಕಿವಿ ದೊಡ್ಡದು, ಸ್ಪೀಕರ್ ಸಣ್ಣದು. 37ರ ಡಿಯನ್ನು ಈ ಊಹೆ ಚೆನ್ನಾಗಿ ಕಾಪಾಡುತ್ತದೆ. ಅದರ ಕೆಳಗೆ ಹೋದ ಹಾಗೆ ಬರೀ ಗುಡುಗುಡು. ಯಾವ ಸ್ವರ ಅಂತ ನನಗೇ ತಿಳಿಯುತ್ತಿರಲಿಲ್ಲ.

ಇದರ ಮೇಲೆ ಮಿಕ್ಸರಿನಲ್ಲಿ ಲೋ ಕಟ್ ಅಂತ ಒಂದು ಗುಂಡಿ ಇರುತ್ತದೆ. ಮೈಕಿನ ಗಾಳಿ ಸದ್ದು ತಡೆಯಲು ಇರುವುದು, 75ರಿಂದ 100 ಕಂಪನದ ಕೆಳಗಿನದ್ದನ್ನು ಕತ್ತರಿಸುತ್ತದೆ. ಹಿಂದಿನ ದಿನ ಯಾರೋ ಭಾಷಣಕ್ಕೆ ಒತ್ತಿದ್ದು ಹಾಗೇ ಇರುತ್ತದೆ, ನನ್ನ ಕೇಬಲ್ ಅದೇ ಚಾನೆಲ್ಲಿಗೆ ಬೀಳುತ್ತದೆ. ಎಷ್ಟು ತಂತಿ ಇದ್ದರೇನು ಬಂತು? ಈಗ ಹೋದ ತಕ್ಷಣ ಸೌಂಡಿನವರ ಹತ್ತಿರ "ಅಣ್ಣಾ, ಆ ಗುಂಡಿ ಒಂಚೂರು ನೋಡಿ" ಅಂತ ನಯವಾಗಿ ಕೇಳುತ್ತೇನೆ. ನಾವೇ ಹೋಗಿ ಮುಟ್ಟಬಾರದು, ಅವರಿಗೆ ಸಿಟ್ಟು ಬರುತ್ತದೆ, ಆಮೇಲೆ ಇಡೀ ರಾತ್ರಿ ಬೇಸೇ ಕೇಳುವುದಿಲ್ಲ.

ಒಂದೇ ಒಂದು ಸಲ ಐದು ತಂತಿಯ ನಿಜರೂಪ ಕಂಡೆ. ತಿಪಟೂರಿನಲ್ಲಿ ರಾಜ್ಯೋತ್ಸವ, ಬಯಲಿನಲ್ಲಿ ವೇದಿಕೆ, ಕೆಳಗಿನ ಸ್ವರಗಳಿಗೆಂದೇ ಇರುವ 18 ಇಂಚಿನ ಸಬ್‌ಗಳು ಸಾಲಾಗಿ ನಿಂತಿದ್ದವು. ಬಿ ತಂತಿಯ ಮೂರನೇ ಫ್ರೆಟ್ ಒತ್ತಿ ಡಿ ಮೀಟಿದೆ. ಸದ್ದು ಕಿವಿಗಿಂತ ಮೊದಲು ಪ್ಯಾಂಟಿಗೆ ತಾಗಿತು. ಬೇಸ್ ನುಡಿಸುವವನ ಜನ್ಮ ಸಾರ್ಥಕ. ವರ್ಷಕ್ಕೊಂದು ಸಲ ಇಂಥದ್ದು ಸಿಕ್ಕೀತು.

ನಾಲ್ಕನೆಯದು ಬೇಸನ್ನೇ ಬಿಟ್ಟುಬಿಡುವುದು. ನಾನಾಗಿ ಬಿಟ್ಟಿದ್ದಲ್ಲ. ಮನೆಯಲ್ಲಿ ಕಾಯಿ ಸುಲಿಯುವಾಗ ಮಚ್ಚು ಜಾರಿ ಎಡಗೈ ತೋರುಬೆರಳಿಗೆ ನಾಲ್ಕು ಹೊಲಿಗೆ ಬಿತ್ತು. ಕ್ಯಾತ್ಸಂದ್ರದಲ್ಲಿ ಒಪ್ಪಿಕೊಂಡಿದ್ದ ಕಾರ್ಯಕ್ರಮ. ನಮ್ಮ ಕೀಬೋರ್ಡಿನವನ ಹತ್ತಿರ ರೋಲ್ಯಾಂಡ್ ಎಕ್ಸ್‌ಪಿಎಸ್-10 ಇದೆ. 61 ಮನೆಗಳನ್ನು ಎರಡು ಪಾಲು ಮಾಡಿ, ಎಡಪಾಲಿಗೆ ಬೇಸಿನ ಸದ್ದು ಇಟ್ಟುಕೊಂಡ. ನಾನು ಕೈಗೆ ಬ್ಯಾಂಡೇಜ್ ಸುತ್ತಿಕೊಂಡು ಮುಂದಿನ ಸಾಲಿನಲ್ಲಿ ಕೂತೆ.

ನಿಜ ಹೇಳಬೇಕು. ಚೆನ್ನಾಗಿತ್ತು. ಶ್ರುತಿ ಎಲ್ಲಿ ಬೇಕೋ ಅಲ್ಲಿ, ಪ್ರತಿ ಸ್ವರವೂ ಒಂದೇ ತೂಕದಲ್ಲಿ. ಪಕ್ಕದಲ್ಲಿದ್ದ ಸೋದರಮಾವ, "ನೀನಿಲ್ದೇನೂ ನಡೀತದಲ್ಲಪ್ಪಾ" ಅಂದರು. ಊಟ ಸೇರಲಿಲ್ಲ.

ಆದರೆ ಐದಾರು ಹಾಡಾದ ಮೇಲೆ ಏನೋ ಕೊರತೆ ಕಾಣಿಸಿತು. ಸ್ವರ ಶುರುವಾಗುವ ಜಾಗ ಸರಿಯಾಗಿತ್ತು. ನಿಲ್ಲುವ ಜಾಗ ತಪ್ಪುತ್ತಿತ್ತು. ಡ್ರಮ್ಮಿನಲ್ಲಿ ಸ್ನೇರ್, ಅಂದರೆ ಆ ಚುರುಕು ಸದ್ದಿನ ಚಿಕ್ಕ ಡ್ರಮ್ಮಿನ ಪೆಟ್ಟು, ಬೀಳುವ ಮುಂಚೆ ಬೇಸ್ ಬಾಯಿ ಮುಚ್ಚಬೇಕು. ಆ ಕೂದಲೆಳೆಯ ಮೌನದಲ್ಲೇ ಸ್ನೇರ್ ಟಪ್ಪೆಂದು ಕೇಳುವುದು. ನಾನು ಅದನ್ನು ಅಂಗೈ ತಾಗಿಸಿ ಮಾಡುತ್ತೇನೆ, ಮಾಡುತ್ತೇನೆ ಅಂತ ನನಗೂ ಗೊತ್ತಿರಲಿಲ್ಲ. ಅವನ ಬಲಗೈ ವಯಲಿನ್, ಕೊಳಲು ಎಲ್ಲ ಸಂಭಾಳಿಸುವಾಗ ಎಡಗೈ ಮನೆಯ ಮೇಲೆ ಒಂದು ಗಳಿಗೆ ಜಾಸ್ತಿ ಕೂತಿರುತ್ತಿತ್ತು. ಹಾಡೆಲ್ಲ ಸ್ವಲ್ಪ ಕೆಸರಿನಲ್ಲಿ ನಡೆದಂತೆ. ಒಂದು ಸ್ವರದಿಂದ ಇನ್ನೊಂದಕ್ಕೆ ಜಾರುವ ಜಾರು ಕೂಡ ಇಲ್ಲ, ಅದಕ್ಕೊಂದು ಪಿಚ್ ಬೆಂಡ್ ಹಿಡಿ ಇದೆ, ಅದನ್ನು ತಿರುಗಿಸಲು ಮೂರನೇ ಕೈ ಎಲ್ಲಿಂದ ತರುವುದು? ಬೇಸಿನವರು ಸಿಗದ ಸಣ್ಣ ತಂಡಕ್ಕೆ ಇದು ಒಳ್ಳೆಯ ದಾರಿಯೇ, ಟ್ರ್ಯಾಕ್ ಹಾಕಿಕೊಂಡು ಹಾಡುವುದಕ್ಕಿಂತ ನೂರು ಪಾಲು ಮೇಲು. ಕೀಬೋರ್ಡಿನವನಿಗೆ ಬೇರೆ ಕೆಲಸ ಕಡಿಮೆ ಇರಬೇಕು ಅಷ್ಟೆ.

ಐದು ತಂತಿಯನ್ನು ಗೆಳೆಯನಿಗೆ ವಾಪಸ್ ಕೊಟ್ಟೆ. ವಾರಕ್ಕೆರಡು ಕಾರ್ಯಕ್ರಮ ಇರುವವನಾಗಿದ್ದರೆ, ಗಳಿಗೆಗೊಂದು ಶ್ರುತಿ ಕೇಳುವ ಗಾಯಕರಿದ್ದರೆ ಕೊಡುತ್ತಿರಲಿಲ್ಲ. ನನ್ನ ಹಳೆಯ ನಾಲ್ಕು ತಂತಿಯ ಯಮಹಾ, 115ರ ತಂತಿ, ಡಿ ಶ್ರುತಿ, ಇದೇ ಈಗ ನನ್ನ ಗತಿ ಮತ್ತು ಖುಷಿ ಎರಡೂ. ಒಂದು ತಂತಿಯ ದುಡ್ಡಿನಲ್ಲಿ ನಮ್ಮ ಹಾಡುಗಳಲ್ಲಿ ಹತ್ತಕ್ಕೆ ಎಂಟು ಸರಿಹೋದವು. ಹಿಪ್‌ಶಾಟ್ ಕಂಪನಿಯದ್ದು ಒಂದು ಕೀಲಿ ಬರುತ್ತದೆ, ಸಣ್ಣ ಹಿಡಿ ಎಳೆದರೆ ಇ ತಟ್ಟನೆ ಡಿ ಆಗುತ್ತದೆ, ಮತ್ತೆ ತಳ್ಳಿದರೆ ಇ. ಅದರ ಮೇಲೆ ಕಣ್ಣಿದೆ, ಬೋನಸ್ ಬಂದರೆ ನೋಡೋಣ.

ಮುಂದಿನ ಶನಿವಾರ ಶಿರಾದಲ್ಲಿ ಇದೆ. ನಿನ್ನೆ ಗಾಯಕ ಫೋನ್ ಮಾಡಿ, "ಗುರೂ, ಒಂದೂವರೆ ಮನೆ ಆದ್ರೆ ಇನ್ನೂ ಆರಾಮು" ಅಂದ. ಅಲ್ಲಿಯ ತನಕ ತಣ್ಣನೆಯ ಮಜ್ಜಿಗೆ ಮುಟ್ಟಬೇಡ ಅಂತ ಹೇಳಿದ್ದೇನೆ.