ಮಂಗೇಶಿಯೋ, ತಾಂಬ್ಡಿ ಸುರ್ಲಾವೋ?

ಊರಿಂದ ನೆಂಟರು ಗೋವಾದ ವಾಸ್ಕೋಗೆ ಬಂದಿದ್ದಾರೆ, ಸಿಗುವುದು ಒಂದೇ ಭಾನುವಾರ. ಎಲ್ಲಿಗೆ ಕರೆದೊಯ್ಯುವುದು?

ಶಿವನ ಗುಡಿಯಿರುವ ಮಂಗೇಶಿಗೆ ಬಸ್ಸು ಸಲೀಸು. ಪೋರ್ಚುಗೀಸರ ಕಾಟಕ್ಕೆ 1560ರಲ್ಲಿ ಭಕ್ತರು ಲಿಂಗವನ್ನು ಕುಠ್ಠಾಳಿಯಿಂದ ಜುವಾರಿ ನದಿ ದಾಟಿಸಿ ಇಲ್ಲಿಗೆ ತಂದರು. ಮುಂದೆ ಎದ್ದ ಗುಡಿಯಲ್ಲಿ ಗುಮ್ಮಟ, ಕಮಾನು ಕಿಟಕಿ, ಏಳಂತಸ್ತಿನ ದೀಪಸ್ತಂಭ. ಓಡಿಸಿದವರ ಶೈಲಿಯೇ ಓಡಿಬಂದ ದೇವರ ಮನೆಗೂ ಬಂತು ನೋಡಿ!

ತಾಂಬ್ಡಿ ಸುರ್ಲಾದ ಮಹಾದೇವ ಗುಡಿ ಕದಂಬರ ಕಾಲದ್ದು. ಜಂಬಿಟ್ಟಿಗೆಯ ಸೀಮೆಯಲ್ಲಿ ಕರಿಕಲ್ಲಿನ ಕಟ್ಟಡ. ಒಂದು ಕಂಬದ ಬುಡದಲ್ಲಿ ಆನೆ ಕುದುರೆಯನ್ನು ತುಳಿಯುತ್ತಿದೆ, ಬಗ್ಗಿ ನೋಡಬೇಕು. ನಮ್ಮ ಕಡೆಯ ಹಳೇ ಗುಡಿಗಳನ್ನು ಕಂಡವರಿಗೆ ಒಳಗೆ ಕಾಲಿಟ್ಟೊಡನೆ ಗುರುತು ಹತ್ತುತ್ತದೆ. ಕಾಡಿನ ಅಂಚು, ಸ್ವಂತ ಗಾಡಿ ಇರಲೇಬೇಕು.

ವಯಸ್ಸಾದವರಿದ್ದರೆ ಮಂಗೇಶಿ. ಇಲ್ಲವಾದರೆ ನನ್ನ ಓಟು ಸುರ್ಲಾಕ್ಕೇ. ಬುತ್ತಿ ಮಾತ್ರ ಕಟ್ಟಿಕೊಂಡು ಹೋಗಿ.