ಸೊರಗಿದ ಔಟ್‌ಬೋರ್ಡಿಗೆ ಬಾಟ್ಲಿ ಮದ್ದಾ, ಸ್ಪ್ರೇನಾ, ಬಿಚ್ಚಿ ತೊಳೆಯೋದಾ, ಹೊಸ ಕಾರ್ಬೋರೇಟರಾ?

ನಮ್ದು ಎರಡು ಸಿಲಿಂಡರಿನ 9.9 ಎಚ್‌ಪಿ ಟೂ ಸ್ಟ್ರೋಕ್, ಹಳೇ ಪೆಟ್ರೋಲ್ ಔಟ್‌ಬೋರ್ಡ್, ಅಂದ್ರೆ ದೋಣಿ ಹಿಂದೆ ಸಿಕ್ಕಿಸೋ ಎಂಜಿನ್, ಗಂಗೊಳ್ಳಿ ಅಳಿವೆ ಒಳಗೆ ಬಲೆ ಬಿಡೋ ಸಣ್ಣ ದೋಣಿಗೆ. ಜೂನ್ 1ರಿಂದ ಜುಲೈ 31ರ ತನಕ ದೊಡ್ಡ ಬೋಟಿಗೆಲ್ಲ ನಿಷೇಧ, 10 ಎಚ್‌ಪಿ ಒಳಗಿನ ನಾಡದೋಣಿಗೆ ಮಾತ್ರ ಅಡ್ಡಿ ಇಲ್ಲ, ಸರಿಯಾಗಿ ಆ ಟೈಮಲ್ಲೇ ಇದು ಕೈಕೊಡೋದು ಮಾರಾಯ್ರೆ. ಸ್ಟಾರ್ಟ್ ಏನೋ ಆಗುತ್ತೆ, ಚೋಕ್ ಒಳಗೆ ಹಾಕಿದ ಕೂಡ್ಲೆ ಆಫ್, ಹೇಗೋ ಸಂಭಾಳಿಸಿ ಫುಲ್ ಕೊಟ್ರೆ ಗೊರಗೊರ ಅಂದು ಸೊರಗಿ ಹೋಗೋದು.

ಯಾವ ದಾರಿ ಹಿಡಿಯೋ ಮುಂಚೆಯೂ ಟ್ಯಾಂಕ್ ಮುಚ್ಚಳದ ಗಾಳಿ ಸ್ಕ್ರೂ ತೆಗ್ದಿದ್ಯಾ ನೋಡಿ, ಅದು ಬಂದ್ ಇದ್ರೆ ಸ್ವಲ್ಪ ಹೊತ್ತು ಓಡಿ ನಿಲ್ಲುತ್ತೆ. ಆಮೇಲೆ ಎಂಜಿನ್ ಸೊರಗ್ತಿರೋವಾಗ್ಲೇ ಪೈಪಿನ ರಬ್ಬರ್ ಬಲ್ಬ್ ಒತ್ತಿ. ಒತ್ತಿದಾಗ ಚುರುಕಾದ್ರೆ ಫ್ಯುಯೆಲ್ ಪಂಪಿನ ಡಯಾಫ್ರಾಮ್ ಹೋಗಿದೆ ಅಥವಾ ಪೈಪಲ್ಲಿ ಎಲ್ಲೋ ಗಾಳಿ ಎಳೀತಿದೆ, ಅಲ್ಲಿಗೆ ಪೆಟ್ರೋಲಿಗೆ ಗಾಳಿ ಬೆರೆಸೋ ಕಾರ್ಬೋರೇಟರ್ ಮುಟ್ಟೋ ಕೆಲಸವೇ ಇಲ್ಲ. ಬಲ್ಬ್ ಒತ್ತಿದ್ರೂ ಏನೂ ಆಗ್ದೆ, ಚೋಕ್ ಸ್ವಲ್ಪ ಎಳೆದಾಗ ಸರಿಯಾದ್ರೆ ಜೆಟ್, ಅಂದ್ರೆ ಕಾರ್ಬೋರೇಟರ್ ಒಳಗೆ ಪೆಟ್ರೋಲ್ ಹೋಗೋ ಸಣ್ಣ ತೂತಿನ ತುಂಡು, ಕಟ್ಟಿದೆ ಅಂತ ಲೆಕ್ಕ. ನಮ್ದು ಈ ಎರಡನೇದು.

ಮೊದ್ಲು ಬಾಟ್ಲಿ. ಪೆಟ್ರೋಲಿಗೆ ಹಾಕೋ ಕ್ಲೀನರ್. ಸುಲಭ, ಆದ್ರೆ ಕಟ್ಟಿಹೋದ ತೂತಲ್ಲಿ ಪೆಟ್ರೋಲೇ ಹರಿಯೋದಿಲ್ಲ ಅಂದ್ಮೇಲೆ ಮದ್ದು ಹೋಗೋದೆಲ್ಲಿಂದ? ನಮ್ಮ ಎಂಜಿನಿಗೆ ಒಂದು ಚೂರೂ ವ್ಯತ್ಯಾಸ ಆಗ್ಲಿಲ್ಲ. ಮೇಲಿಂದ ಈಗಿನ ಪೆಟ್ರೋಲಲ್ಲಿ 20 ಪರ್ಸೆಂಟ್ ಎಥನಾಲ್, ಅದು ನೀರು ಹೀರ್ಕೊಂಡು ಹೀರ್ಕೊಂಡು ಕೊನೆಗೆ ಎಥನಾಲ್ ನೀರು ಎರಡೂ ಸೇರಿ ಟ್ಯಾಂಕಿನ ಅಡಿಗೆ ಇಳಿಯುತ್ತೆ, ಪೆಟ್ರೋಲಿಗೆ ಬೆರೆಸೋ ಟೂಟಿ ಆಯಿಲ್ ಮಾತ್ರ ಮೇಲಿನ ಪೆಟ್ರೋಲಲ್ಲೇ ಉಳಿಯುತ್ತೆ, ಎಂಜಿನ್ ಎಳೆಯೋದು ಅಡಿಯಿಂದ. ಅಂದ್ರೆ ಆಯಿಲ್ ಇಲ್ದೆ ಓಡೋದು, ಪಿಸ್ಟನ್ ಹಿಡಿಯೋಕೆ ಅಷ್ಟು ಸಾಕು. ಅಂಥ ಪೆಟ್ರೋಲನ್ನ ಯಾವ ಬಾಟ್ಲಿಯೂ ಸರಿ ಮಾಡಲ್ಲ, ಚೆಲ್ಲಿ ಹೊಸತು ಹಾಕ್ಬೇಕು.

ಸ್ಪ್ರೇ ಪರವಾಗಿಲ್ಲ. ಕಾರ್ಬೋರೇಟರ್ ಬಾಯಿಗೆ ಹೊಡೆದ್ರೆ ಆ ಹೊತ್ತಿಗೆ ಚೆನ್ನಾಗಿ ಓಡುತ್ತೆ, ಮಾರನೇ ದಿನ ಮತ್ತದೇ ರಾಗ. ಮತ್ತೆ ಡ್ರಮ್ಮಲ್ಲಿ ಇಟ್ಟು ಟೆಸ್ಟ್ ಮಾಡಿ ಸರಿಯಾಯ್ತು ಅಂತ ನಂಬ್ಬೇಡಿ, ಅಲ್ಲಿ ಲೋಡ್ ಇರಲ್ಲ, ದೋಣೀಲಿ ಇಬ್ರು ಕೂತು ಹೊಳೆಗೆ ಇಳಿದ್ರೇನೇ ಅದರ ಬಣ್ಣ ಬಯಲಾಗೋದು.

ಬಿಚ್ಚಿ ತೊಳೆದದ್ದೇ ಗೆದ್ದಿದ್ದು. ಅಡಿಯ ಬಟ್ಟಲು ತೆಗೆದ್ರೆ ಒಳಗೆ ಬಿಳಿ ಗಸಿ, ಅದರ ನಡುವೆ ನೀರಿನ ಹನಿ ಗುಂಡಗುಂಡಗೆ ಉರುಳ್ತಾ ಇತ್ತು. ಮೇನ್ ಜೆಟ್ಟಿನ ಅಂಚಿಗೆಲ್ಲ ಹಸಿರು ಕಿಲುಬು, ಐಡಲಿಗೆ (ನಿಧಾನ ಓಟಕ್ಕೆ) ಪೆಟ್ರೋಲ್ ಕೊಡೋ ಪೈಲಟ್ ಜೆಟ್ ಬೆಳಕಿಗೆ ಹಿಡಿದ್ರೆ ಆಚೆ ಏನೂ ಕಾಣಲ್ಲ. ಸೂಜಿ ಹಾಕ್ಬೇಡಿ, ಜೆಟ್ ಹಿತ್ತಾಳೇದು, ಉಕ್ಕಿನ ಸೂಜಿ ತೂತನ್ನ ಅಗಲ ಮಾಡಿಬಿಡುತ್ತೆ. ಕರೆಂಟ್ ವೈರಿನ ಒಂದೇ ಒಂದು ತಾಮ್ರದ ಎಳೆ, ಕ್ಲೀನರಲ್ಲಿ ರಾತ್ರಿ ನೆನೆಸಿಟ್ಟದ್ದು, ಆಮೇಲೆ ಪಂಕ್ಚರ್ ಅಂಗಡಿಯ ಗಾಳಿ, ಇಷ್ಟೇ. ಐಡಲ್ ಸ್ಕ್ರೂ ತೆಗೆಯೋ ಮುಂಚೆ ಒಳಗೆ ಎಷ್ಟು ಸುತ್ತು ಹೋಗುತ್ತೆ ಅಂತ ಎಣಿಸಿ ಬರ್ಕೊಳ್ಳಿ, ಇಲ್ಲಾಂದ್ರೆ ಮತ್ತೆ ಸೆಟ್ ಮಾಡೋದು ತಲೆನೋವು. ಬಟ್ಟಲಿನ ಗ್ಯಾಸ್ಕೆಟ್ ಹೊಸತೇ ಹಾಕಿ. ಖರ್ಚು ತೀರಾ ಕಡಿಮೆ, ನೆನೆಸೋ ರಾತ್ರಿ ಬಿಟ್ರೆ ಕೈಕೆಲಸಕ್ಕೆ ಒಂದು ಮಧ್ಯಾಹ್ನ ಹೋಗುತ್ತೆ ಅಷ್ಟೆ.

ಆನ್‌ಲೈನಲ್ಲಿ ಸಿಗೋ ಡೂಪ್ಲಿಕೇಟ್ ಕಾರ್ಬೋರೇಟರನ್ನೂ ಹಾಕಿ ನೋಡಿದ್ದೀನಿ, ಒರಿಜಿನಲ್ಲಿನ ಅರ್ಧ ರೇಟೂ ಇಲ್ಲ. ಐಡಲ್ ಚೆಂದ ಬಂತು, ಫುಲ್ಲಲ್ಲಿ ಹೊಗೆಯೋ ಹೊಗೆ, ಪ್ಲಗ್ ಕಪ್ಪಗೆ ಒದ್ದೆ. ಕೆಲವು ಮಾಡೆಲಲ್ಲಿ 9.9ಕ್ಕೂ 15ಕ್ಕೂ ಬ್ಲಾಕ್ ಒಂದೇ, ವ್ಯತ್ಯಾಸ ಕಾರ್ಬೋರೇಟರಲ್ಲಿ, ಆದ್ರೆ ಇವರು ಎರಡಕ್ಕೂ ಆಗುತ್ತೆ ಅಂತ ಒಂದನ್ನೇ ಮಾರ್ತಾರೆ. ಹಳೇ ಜೆಟ್ ಇದಕ್ಕೆ ಹಾಕೋಣ ಅಂದ್ರೆ ಥ್ರೆಡ್ಡೇ ಬೇರೆ. ಹಳೇದರ ಬಾಡಿ ಉಪ್ಪು ತಿಂದು ತೂತು ಬಿದ್ದಿದ್ರೆ ಮಾತ್ರ ಹೊಸದಕ್ಕೆ ಹೋಗಿ, ಅದೂ ಒರಿಜಿನಲ್ಲಿಗೇ.

ತೊಳೆದ ಮೇಲೂ ಸೊರಗಿದ್ರೆ ಎರಡೂ ಸಿಲಿಂಡರಿಗೆ ಒಳಗಿನ ಒತ್ತಡ ಅಳೆಯೋ ಕಂಪ್ರೆಶನ್ ಗೇಜ್ ಹಾಕ್ಸಿ. ಒಂದರದ್ದು ಇನ್ನೊಂದಕ್ಕಿಂತ ತುಂಬಾ ಕೆಳಗಿದ್ರೆ ರಿಂಗೋ ಹೆಡ್ ಗ್ಯಾಸ್ಕೆಟ್ಟೋ ನೋಡಿಸ್ಬೇಕು, ಆಗ ಈ ನಾಲ್ಕರಲ್ಲಿ ಯಾವುದಕ್ಕೂ ದುಡ್ಡು ಹಾಕ್ಬೇಡಿ.