ಮೋಟರ್‌ಹೋಮ್ ಹಿಂದೆ ಎಳೆಯುವ ಕಾರಿನ ಬ್ಯಾಟರಿ: ಫ್ಯೂಸ್, ಸ್ವಿಚ್, ಸೋಲಾರ್, ಚಾರ್ಜ್ ಲೈನ್, ಯಾವುದು ಕೆಲಸ ಮಾಡಿತು?

ನೆವಾಡಾದ ಎಲ್ಕೋ ತಲುಪಿದಾಗ ಸಂಜೆ ಏಳು ಗಂಟೆ. ಬೆಳಿಗ್ಗೆ ಎಂಟಕ್ಕೆ ಸ್ಯಾಕ್ರಮೆಂಟೊ ಬಿಟ್ಟು, ಡಾನರ್ ಪಾಸ್ ಹತ್ತಿ ಇಳಿದು, ಇಡೀ ದಿನ ಇಂಟರ್‌ಸ್ಟೇಟ್ 80ರಲ್ಲಿ ಬಂದಿದ್ದೆವು. ಮೋಟರ್‌ಹೋಮ್ (ಒಳಗೇ ಅಡುಗೆ ಮಾಡಿ ಮಲಗುವ ದೊಡ್ಡ ಗಾಡಿ) ಹಿಂದೆ ನಾಲ್ಕೂ ಚಕ್ರ ನೆಲದ ಮೇಲೆ ಉರುಳಿಸಿಕೊಂಡು ಬಂದಿದ್ದ ನಮ್ಮ 2013ರ ಹೋಂಡಾ ಸಿಆರ್-ವಿಯನ್ನು ಟೋ ಬಾರ್‌ನಿಂದ (ಎರಡು ಗಾಡಿಗಳನ್ನು ಜೋಡಿಸುವ ಸರಳು) ಬಿಚ್ಚಿ, ಹಾಲು ತರಕಾರಿ ತರೋಣ ಅಂತ ಕೀಲಿ ತಿರುಗಿಸಿದರೆ ಬರೀ ಟಕ್ ಟಕ್ ಸದ್ದು. ಮೀಟರ್ ಇಟ್ಟು ನೋಡಿದೆ. 11.6 ವೋಲ್ಟ್, ತುಂಬಿದ ಬ್ಯಾಟರಿಯಲ್ಲಿ 12.6 ಇರಬೇಕು.

ಊರಿಂದ ಬಂದಿದ್ದ ಮಾವ ಪಕ್ಕದಲ್ಲೇ ನಿಂತಿದ್ದರು. "ಅಳಿಯಂದ್ರೇ, ಎಂಜಿನ್ನೇ ಓಡದ ಕಾರಿನ ಬ್ಯಾಟರಿ ಹೇಗೆ ಖಾಲಿ ಆಯ್ತು?" ಅಂದರು.

ಸರಿಯಾದ ಪ್ರಶ್ನೆ. ಎಂಜಿನ್ ಓಡುವುದಿಲ್ಲ, ಹಾಗಾಗಿ ಆಲ್ಟರ್ನೇಟರ್ ಚಾರ್ಜ್ ಮಾಡುವುದಿಲ್ಲ. ಆದರೆ ಸ್ಟೀರಿಂಗ್ ಲಾಕ್ ಆಗಬಾರದು ಅಂದರೆ ಕೀಲಿಯನ್ನು ಆಕ್ಸೆಸರಿ ಸ್ಥಾನದಲ್ಲೇ ಬಿಡಬೇಕು. ಇಲ್ಲದಿದ್ದರೆ ತಿರುವಿನಲ್ಲಿ ಮುಂದಿನ ಚಕ್ರಗಳು ತಿರುಗುವುದೇ ಇಲ್ಲ. ಕೀಲಿ ಅಲ್ಲಿದ್ದರೆ ಕಾರು ಅರ್ಧ ಎಚ್ಚರವಾಗಿಯೇ ಇರುತ್ತದೆ. ಕ್ಲಾಂಪ್ ಮೀಟರ್ ಹಾಕಿ ಅಳೆದೆ, ಸುಮಾರು 2.5 ಆಂಪ್. ನಾವು ಊಟಕ್ಕೆ, ಡೀಸೆಲ್‌ಗೆ ನಿಂತಾಗಲೂ ಅದು ಹರಿಯುತ್ತಲೇ ಇರುತ್ತದೆ ಅಲ್ವಾ? ಹನ್ನೊಂದು ಗಂಟೆಗೆ 27 ಆಂಪ್-ಅವರ್ ಆಯಿತು. ಈ ಕಾರಿನದು 51ಆರ್ ಅಳತೆಯ ಸಣ್ಣ ಬ್ಯಾಟರಿ, ಇರುವುದೇ ಸುಮಾರು 45. ಅದರ ಮೇಲೆ, ಮೋಟರ್‌ಹೋಮ್ ಬ್ರೇಕ್ ಹಾಕಿದಾಗ ಕಾರಿನ ಬ್ರೇಕ್ ಪೆಡಲನ್ನೂ ಒತ್ತುವ ಒಂದು ಪೆಟ್ಟಿಗೆ ಕಾರಿನಲ್ಲಿದೆ, ಅದಕ್ಕೂ ಕಾರಿನ 12 ವೋಲ್ಟ್ ಸಾಕೆಟ್‌ನಿಂದಲೇ ಕರೆಂಟ್. ಅದು ಪೆಡಲ್ ಒತ್ತಿದಾಗಲೆಲ್ಲ ಕಾರಿನ ಬ್ರೇಕ್ ಲೈಟ್ ಕೂಡ ಅದೇ ಬ್ಯಾಟರಿಯಿಂದ ಹತ್ತುತ್ತದೆ. ಡಾನರ್ ಇಳಿಜಾರಿನಲ್ಲಿ ಎಷ್ಟು ಸಲ ಒತ್ತಿತೋ ಲೆಕ್ಕವಿಲ್ಲ. ಕಾರಿನ ತಪ್ಪೇನೂ ಅಲ್ಲ ಇದು. ಹೀಗೆ ಎಳೆಯುವ ವಿಧಾನವೇ ಅಂಥದ್ದು.

ಆಮೇಲೆ ಎರಡು ಬೇಸಿಗೆ, ಸಿಕ್ಕ ದಾರಿಯನ್ನೆಲ್ಲ ಪ್ರಯತ್ನಿಸಿ ನೋಡಿದೆ.

ಮೊದಲು ಫ್ಯೂಸ್ ಕೀಳುವುದು. ಇದಕ್ಕೆ ಖರ್ಚೇ ಇಲ್ಲ. ಆಕ್ಸೆಸರಿ ಫ್ಯೂಸ್ ತೆಗೆದ ಕೂಡಲೇ 2.5 ಇದ್ದದ್ದು ಅರ್ಧ ಆಂಪ್‌ಗಿಂತ ಕೆಳಗೆ ಬಂತು. ಆದರೆ ಸಾಕೆಟ್ ಕೂಡ ಸತ್ತಿತು, ಅಂದರೆ ಬ್ರೇಕ್ ಪೆಟ್ಟಿಗೆಯೂ ಸತ್ತಿತು. ಬ್ಯಾಟರಿಯಿಂದ ನೇರವಾಗಿ, ನಡುವೆ ಫ್ಯೂಸ್ ಹಾಕಿ, ಬೇರೆ ಸಾಕೆಟ್ ಎಳೆದ ಮೇಲೆ ಅದು ಸರಿಹೋಯಿತು. ಆದರೂ ಪ್ರತಿ ಸಲ ಡ್ಯಾಶ್‌ಬೋರ್ಡ್ ಕೆಳಗೆ ಬಗ್ಗಿ ಆ ಚಿಕ್ಕ ಫ್ಯೂಸ್ ಹುಡುಕಿ ಕೀಳಬೇಕು, ಮತ್ತೆ ಹಾಕಬೇಕು. ದಿನಾ ಜಾಗ ಬದಲಾಯಿಸುವವರಿಗೆ ಇದು ಬೇಗ ಬೇಸರ ತರುತ್ತದೆ, ಕಿತ್ತು ಹಾಕಿ ಮಾಡಿ ಫ್ಯೂಸ್ ಕೂರುವ ಜಾಗವೂ ಸಡಿಲವಾಗುತ್ತದೆ. ಫ್ಯೂಸ್ ಬದಲು ಒಂದು ಚಿಕ್ಕ ಸ್ವಿಚ್ ಕೂರಿಸುವ ಕಿಟ್ ಸಿಗುತ್ತದೆ, ಈ ದಾರಿ ಹಿಡಿಯುವವರು ಅದನ್ನೇ ಹಾಕಿಸಿಕೊಳ್ಳಿ.

ಎರಡನೆಯದು ಬ್ಯಾಟರಿಯ ನೆಗೆಟಿವ್ ಟರ್ಮಿನಲ್‌ಗೆ ಡಿಸ್ಕನೆಕ್ಟ್ ಸ್ವಿಚ್. ಗೆಳೆಯರೊಬ್ಬರ ಜೀಪ್ ರ‍್ಯಾಂಗ್ಲರ್‌ನಲ್ಲಿ ಇದು ಚೆನ್ನಾಗಿಯೇ ನಡೆಯುತ್ತಿದೆ. ಟ್ರಾನ್ಸ್‌ಫರ್ ಕೇಸ್ (ಮುಂದಿನ, ಹಿಂದಿನ ಚಕ್ರಗಳಿಗೆ ಶಕ್ತಿ ಹಂಚುವ ಗೇರ್ ಪೆಟ್ಟಿಗೆ) ನ್ಯೂಟ್ರಲ್‌ಗೆ ಹಾಕಿ, ಸ್ವಿಚ್ ತಿರುಗಿಸಿ ಹೊರಡುತ್ತಾರೆ. ಅವರ ಬ್ರೇಕ್ ಮೋಟರ್‌ಹೋಮ್‌ನ ಗಾಳಿಯಿಂದ ನಡೆಯುತ್ತದೆ, ಕಾರಿನ ಬ್ಯಾಟರಿ ಬೇಕಿಲ್ಲ. ನಮ್ಮ ಕಾರಿಗೆ ಮಾತ್ರ ಇದು ಬೇಡ ಅಂತ ಒಂದೇ ದಿನದಲ್ಲಿ ತೀರ್ಮಾನಿಸಿದೆ. ರೇಡಿಯೋ ಕೋಡ್ ಕೇಳುವುದು, ಗಡಿಯಾರ ತಪ್ಪುವುದು ಸಣ್ಣ ತೊಂದರೆ. ದೊಡ್ಡ ತೊಂದರೆ ಬ್ರೇಕ್. ಟೋ ಬಾರ್ ಕಳಚಿಕೊಂಡರೆ ಬ್ರೇಕ್-ಅವೇ ಸ್ವಿಚ್ ಎಳೆದು ಪೆಟ್ಟಿಗೆ ತಾನೇ ಪೆಡಲ್ ಒತ್ತಬೇಕು, ಅದಕ್ಕೆ ಆ ಕ್ಷಣದಲ್ಲಿ ಕರೆಂಟ್ ಇರಲೇಬೇಕು. ಬ್ಯಾಟರಿ ಉಳಿಸಲು ಹೋಗಿ ಬ್ರೇಕ್ ಕಳೆದುಕೊಳ್ಳುವುದು ಬೇಡವೇ ಬೇಡ, ಹಿಂದೆ ಬರುವವರ ಕಾರಿನಲ್ಲೂ ಮಕ್ಕಳಿರುತ್ತಾರೆ.

ಸೋಲಾರ್ ಬಗ್ಗೆ ನನಗೆ ತುಂಬಾ ಆಸೆ ಇತ್ತು. 20 ವಾಟ್‌ನ ಪ್ಯಾನೆಲ್ ತಂದು ಡ್ಯಾಶ್ ಮೇಲೆ, ಗಾಜಿನ ಒಳಗೆ ಇಟ್ಟೆ. ಬಿಸಿಲಿನಲ್ಲಿ ನೇರವಾಗಿ ಹಿಡಿದರೂ ಒಂದು ಆಂಪ್ ಆಸುಪಾಸು ಕೊಡುವ ವಸ್ತು ಅದು, ಗಾಜಿನ ಹಿಂದೆ ನೆವಾಡಾದ ನಡುಹಗಲಲ್ಲಿ 0.6 ಕೊಟ್ಟಿತು. ಇನ್ನೊಂದು ವಿಷಯ ನಾನು ಮೊದಲು ಯೋಚಿಸಿರಲೇ ಇಲ್ಲ. ನಾವು ಹೋಗುತ್ತಿದ್ದದ್ದು ಪೂರ್ವಕ್ಕೆ. ಮಧ್ಯಾಹ್ನದ ಮೇಲೆ ಸೂರ್ಯ ಬೆನ್ನ ಹಿಂದೆ, ಕಾರಿನ ಮುಂಗಾಜಿಗೆ ಬಿಸಿಲೇ ಇಲ್ಲ. ಒಂದೇ ಕ್ಯಾಂಪ್‌ನಲ್ಲಿ ಎರಡು ವಾರ ಕಾರು ಸುಮ್ನೆ ನಿಂತಿದ್ದರೆ ಇದು ಉಪಯೋಗಕ್ಕೆ ಬರುತ್ತದೆ, ಎಳೆಯುವಾಗಿನ ಖರ್ಚನ್ನು ತುಂಬುವುದಿಲ್ಲ.

ನಡುವೆ ನಿಂತು ಕಾಲು ಗಂಟೆ ಎಂಜಿನ್ ಓಡಿಸುವುದನ್ನೂ ಮಾಡಿದೆ. ಬಂದ ಲಾಭ ಕಡಿಮೆ.

ಕೊನೆಗೆ ಚಾರ್ಜ್ ಲೈನ್, ಅಂದರೆ ಮೋಟರ್‌ಹೋಮ್‌ನ ಆಲ್ಟರ್ನೇಟರ್ ಮಾಡುವ ಕರೆಂಟನ್ನೇ ಒಂದು ವೈರ್‌ನಲ್ಲಿ ಕಾರಿನ ಬ್ಯಾಟರಿಗೆ ತರುವುದು. ಏಳು ಪಿನ್ನಿನ ಪ್ಲಗ್ ಇರುವ ಎಷ್ಟೋ ಗಾಡಿಗಳಲ್ಲಿ ಒಂದು ಪಿನ್‌ಗೆ 12 ವೋಲ್ಟ್ ಮೊದಲೇ ಬಂದಿರುತ್ತದೆ, ಏನನ್ನಾದರೂ ಕೊಳ್ಳುವ ಮೊದಲು ಎಂಜಿನ್ ಆನ್ ಮಾಡಿ ಅಲ್ಲಿ ಮೀಟರ್ ಇಟ್ಟು ನೋಡಿ. ನಮ್ಮ ಗಾಡಿಯಲ್ಲಿ ಇರಲಿಲ್ಲ, ನಾನೇ ಎಳೆದೆ. ಮೊದಲು ಮನೆಯಲ್ಲಿದ್ದ 14 ಗೇಜ್ ವೈರ್ ಹಾಕಿದೆ (ಗೇಜ್ ಸಂಖ್ಯೆ ಕಡಿಮೆಯಾದಷ್ಟೂ ವೈರ್ ದಪ್ಪ). ಮುಂದಿನ ಬ್ಯಾಟರಿಯಿಂದ ಹಿಂದಿನ ಪ್ಲಗ್, ಅಲ್ಲಿಂದ ಕಾರಿನ ಬಾನೆಟ್ ಒಳಗಿನವರೆಗೆ ಸುಮಾರು 48 ಅಡಿ. ಇಲ್ಲಿ 13.9 ವೋಲ್ಟ್ ಹೊರಟರೆ ಅಲ್ಲಿ 13.1 ತಲುಪುತ್ತಿತ್ತು. ಬ್ಯಾಟರಿ ಇಳಿಯುವುದು ನಿಂತಿತು, ತುಂಬಲಿಲ್ಲ. 10 ಗೇಜ್‌ಗೆ ಬದಲಾಯಿಸಿದ ಮೇಲೆ 13.6. ಅದೇ ದಾರಿ, ಅದೇ ದೂರ, ವೈರ್ ದಪ್ಪ ಒಂದೇ ಬದಲಾದದ್ದು.

ಎರಡು ವಿಷಯ ದಯವಿಟ್ಟು ಮರೆಯಬೇಡಿ. ಈ ವೈರ್‌ನ ಎರಡೂ ತುದಿಯಲ್ಲಿ ಬ್ಯಾಟರಿ ಇದೆ, ಆದ್ದರಿಂದ ಎರಡೂ ತುದಿಯಲ್ಲಿ, ಬ್ಯಾಟರಿಗೆ ಹತ್ತಿರದಲ್ಲೇ ಫ್ಯೂಸ್ ಬೇಕು. ಒಂದೇ ಕಡೆ ಹಾಕಿದರೆ ನಡುವೆ ಎಲ್ಲೋ ವೈರ್ ಉಜ್ಜಿ ಶಾರ್ಟ್ ಆದಾಗ ಇನ್ನೊಂದು ಬ್ಯಾಟರಿ ಅದನ್ನು ಸುಡುತ್ತಲೇ ಇರುತ್ತದೆ. ನಾನು 15 ಆಂಪ್‌ನದು ಹಾಕಿದ್ದೇನೆ. ಎರಡನೆಯದು, ಮೋಟರ್‌ಹೋಮ್‌ನ ಕೀಲಿ ಆನ್ ಇದ್ದಾಗ ಮಾತ್ರ ಎರಡು ಬ್ಯಾಟರಿಗಳನ್ನು ಸೇರಿಸುವ ರಿಲೇ, ಅಂದರೆ ಕರೆಂಟ್‌ನಿಂದ ತಾನೇ ನಡೆಯುವ ಸ್ವಿಚ್. ಅದಿಲ್ಲದೆ ರಾತ್ರಿ ರೆಸ್ಟ್ ಏರಿಯಾದಲ್ಲಿ ಮಲಗಿದರೆ ಎರಡು ಬ್ಯಾಟರಿಯೂ ಒಟ್ಟಿಗೆ ಇಳಿಯುತ್ತವೆ. ರಿಲೇ ಬದಲು ಡಯೋಡ್ (ಕರೆಂಟನ್ನು ಒಂದೇ ದಿಕ್ಕಿಗೆ ಬಿಡುವ ಭಾಗ) ಹಾಕಿದರೆ ಅದೇ ಅರ್ಧ ವೋಲ್ಟ್‌ಗಿಂತ ಜಾಸ್ತಿ ತಿನ್ನುತ್ತದೆ, ದಪ್ಪ ವೈರ್‌ನಿಂದ ಗಳಿಸಿದ್ದು ಅಲ್ಲೇ ಹೋಯಿತು.

ಡಿಸಿ-ಡಿಸಿ ಚಾರ್ಜರ್ ಕೂಡ ಗೆಳೆಯರಿಂದ ತಂದು ಒಂದು ಪ್ರವಾಸ ಪೂರ್ತಿ ಹಾಕಿ ನೋಡಿದೆ. ಬರುವ ವೋಲ್ಟೇಜ್ ಎಷ್ಟೇ ಇಳಿದಿರಲಿ, ಅದು 14.4ಕ್ಕೆ ಏರಿಸಿ ಕೊಡುತ್ತದೆ. ಗಾಡಿ 40 ಅಡಿ ಇದ್ದರೆ, ಅಥವಾ ಹೊಸ ಚಾಸಿಗಳಲ್ಲಿ ಬರುವಂತೆ ಆಲ್ಟರ್ನೇಟರ್ ತಾನೇ ವೋಲ್ಟೇಜ್ ಇಳಿಸುವ ಜಾತಿಯದಾಗಿದ್ದರೆ, ದುಡ್ಡು ಜಾಸ್ತಿಯಾದರೂ ಇದನ್ನೇ ಹಾಕಿ. ನಮ್ಮ 32 ಅಡಿಯ ಗಾಡಿಗೆ 10 ಗೇಜ್ ವೈರ್ ಮತ್ತು ರಿಲೇ ಸಾಕಾಯಿತು, ವಾಪಸ್ ಕೊಟ್ಟುಬಿಟ್ಟೆ.

ಕಳೆದ ಸಲ ಅದೇ ರಸ್ತೆಯಲ್ಲಿ ಹೊರಟು, ಎಲ್ಕೋ ದಾಟಿ, ಐಡಾಹೋ ಫಾಲ್ಸ್ ಮೂಲಕ ವೆಸ್ಟ್ ಯೆಲ್ಲೋಸ್ಟೋನ್‌ವರೆಗೆ ಹೋದೆವು. ಪ್ರತಿ ಸಂಜೆ ಬಿಚ್ಚಿ ಒಂದು ಗಂಟೆ ಬಿಟ್ಟು ಅಳೆದರೆ 12.6, 12.7. ಒಂದೇ ಒಂದು ದಿನ 12.2 ಬಂದಾಗ ಗಾಬರಿಯಾಯಿತು. ನೋಡಿದರೆ ಮಳೆನೀರು ಹೋಗಿ ಪ್ಲಗ್‌ನ ಪಿನ್‌ಗಳು ಹಸಿರುಗಟ್ಟಿದ್ದವು. ಉಜ್ಜಿ, ಪಿನ್‌ಗಳಿಗೆ ಹಚ್ಚುವ ಗ್ರೀಸ್ ಸವರಿ ಹೊರಟೆವು, ಮರುದಿನ ಸಂಜೆ ಮತ್ತೆ 12.7.